ಪಂಕ್ತಿಯ ಕೊನೆಯ ಎಲೆ

ಈ ಕೆಲಸಕ್ಕೆ ಹೊಸದಾಗಿ ಕಾಲಿಡುವ ಹೆಣ್ಣುಮಕ್ಕಳು ನನ್ನನ್ನು ಎರಡು ಮಾತು ಕೇಳುತ್ತಾರೆ. ಮನೆಯಲ್ಲೇ ಕುಳಿತು ಕಂಪ್ಯೂಟರ್ ಪ್ರೋಗ್ರಾಂ ಬರೆಯಬಹುದಂತೆ, ಹೌದೇನು? ಹಾಗೆ ಮಾಡಿದರೆ ಮನೆ, ನೌಕರಿ ಎರಡನ್ನೂ ಸಂಭಾಳಿಸಬಹುದಂತೆ, ಹೌದೇನು? ಮೊದಲನೆಯದಕ್ಕೆ ಹೌದು ಅನ್ನುತ್ತೇನೆ. ಎರಡನೆಯದಕ್ಕೆ ಉತ್ತರ ಉದ್ದ ಇದೆ. ತಾಳ್ಮೆ ಇದ್ದವರು ಕೂತು ಓದಲಿ.

ನಾನು ಗಡಹಿಂಗ್ಲಜದವಳು. ಅಪ್ಪ ಅಲ್ಲಿಯ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬಿ.ಎಸ್ಸಿ. ಮುಗಿಸಿ ಕೊಲ್ಹಾಪುರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದೆ. ಲಗ್ನವಾಗಿ ಇಚಲಕರಂಜಿಗೆ ಬಂದೆ. ನಮ್ಮನೆಯವರು ಜಾಬರ್, ಅಂದರೆ ಪವರ್‌ಲೂಮ್ ಮಗ್ಗ ಕೆಟ್ಟರೆ ಸರಿಮಾಡುವವರು. ಮಗ್ಗಕ್ಕೆ ನಮ್ಮಲ್ಲಿ ಮಾಗ ಅಂತಾರೆ. ಮಾಗದ ಸಪ್ಪಳ ಕೇಳಿ ಯಾವ ಮೂಲೆಯಲ್ಲಿ ಏನು ಸಡಿಲಾಗಿದೆ ಅನ್ನುವುದು ಅವರಿಗೆ ತಿಳಿಯುತ್ತಿತ್ತು. ಹೆಂಡತಿಯ ಸಪ್ಪಳ ಮಾತ್ರ ಎಂದೂ ತಿಳಿಯಲಿಲ್ಲ. ಇರಲಿ, ಕೈ ಎತ್ತಿದವರಲ್ಲ, ಕುಡಿದವರಲ್ಲ. ಅಷ್ಟು ಕೊಟ್ಟ ಶಿವನಿಗೆ ಶರಣು.

ಕೊಲ್ಹಾಪುರದ ಒಂದು ಸಣ್ಣ ಕಂಪನಿ ಸೈಜಿಂಗ್ ಕಾರಖಾನೆಗಳಿಗೆ ಪ್ರೋಗ್ರಾಂ ಮಾಡಿ ಕೊಡುತ್ತಿತ್ತು. ಸೈಜಿಂಗ್ ಅಂದರೆ ಹಾಸಿನ ನೂಲಿಗೆ ಗಂಜಿ ಹಚ್ಚಿ ದೊಡ್ಡ ಉರುಳೆಗೆ ಸುತ್ತುವ ಕೆಲಸ. ಆ ಉರುಳೆಗೆ ಬೀಮ ಅನ್ನುತ್ತಾರೆ. ಬೀಮ ಬಂದರೆ ಮಾಗ ನಡೆಯುತ್ತದೆ, ಬರದಿದ್ದರೆ ನಿಲ್ಲುತ್ತದೆ. ಯಾರ ಬೀಮ ತಯಾರಾಗಿದೆ, ಯಾರದು ಇಂದು ಟೆಂಪೊದಲ್ಲಿ ಹೋಗಬೇಕು, ಇದನ್ನು ತೋರಿಸುವ ಪ್ರೋಗ್ರಾಂ ನಮ್ಮದು. ಭಾಷೆ ಪರ್ಲ್. ನಾನು ಮಂಗಳವಾರಕ್ಕೊಮ್ಮೆ ಎಸ್.ಟಿ. ಬಸ್ಸಿನಲ್ಲಿ ಆಫೀಸಿಗೆ ಹೋಗಿ ಬರುತ್ತಿದ್ದೆ. ಉಳಿದ ದಿನ ಮನೆಯಲ್ಲೇ ಕೆಲಸ.

ಮನೆಯಲ್ಲೇ ಅಂದರೆ ಹೇಗೆ, ಅದನ್ನೂ ಹೇಳುತ್ತೇನೆ. ಅತ್ತೆಗೆ ಲಕ್ವ ಹೊಡೆದು ಬಲಭಾಗ ಬಿದ್ದಿತ್ತು. ಕೈಕಾಲು ಬಿದ್ದರೂ ಬಾಯಿ ಬಿದ್ದಿರಲಿಲ್ಲ. ನಾನು ಕಂಪ್ಯೂಟರ್ ಹಚ್ಚಿದರೆ ಸಾಕು, ಹಾಸಿಗೆಯಿಂದ ಕೂಗು ಬರುತ್ತಿತ್ತು.

"ಏ ಹುಡುಗಿ, ನಿನಗ ನಾ ಅತ್ತೀನೋ, ಆ ಪೆಟಗಿ ಅತ್ತೀನೋ?"

"ನೀವ ಅತ್ತಿ ಬಿಡ್ರೀ. ಅದಕ್ಕ ಇಷ್ಟ ಮಾತು ಬರೂದಿಲ್ಲ."

ಅತ್ತೆ ನಗುತ್ತಿದ್ದರು. ಅದೂ ಒಂದು ಕೃಪೆ ಅಂತ ಎಣಿಸಿಕೊಂಡಿದ್ದೆ. ಬೆಳಿಗ್ಗೆ ಲಿಂಗಪೂಜೆ, ಅತ್ತೆಯ ಸ್ನಾನ, ಅಡಿಗೆ, ಆಮೇಲೆ ಪರ್ಲ್. ಆಫೀಸಿನಲ್ಲಿ ನನ್ನ ಹುದ್ದೆಯ ಹೆಸರು ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲರೂ 'ವಹಿನಿ' ಅನ್ನುತ್ತಿದ್ದರು. ಅತ್ತಿಗೆಯಾದವಳಿಗೆ ಬಡ್ತಿ ಯಾರು ಕೊಡುತ್ತಾರೆ?

ನನ್ನ ಪಾಲಿಗೆ ಬಂದದ್ದು ನಮ್ಮ ಫ್ರೇಮ್‌ವರ್ಕಿನ ಇಂಜಿನ್. ಫ್ರೇಮ್‌ವರ್ಕ್ ಅಂದರೆ ಅಡಿಗೆಮನೆ ಅಂದುಕೊಳ್ಳಿ. ಒಲೆ, ಪಾತ್ರೆ, ಕಟ್ಟೆ ಎಲ್ಲ ಅಲ್ಲಿ ತಯಾರಿರುತ್ತದೆ. ಇಂಜಿನ್ ಆ ಮನೆಯ ಬಾಗಿಲಲ್ಲಿ ನಿಂತವಳು. ಹೊರಗಿನವರು ಕೇಳಿದ್ದನ್ನು ಒಳಗೆ ಹೇಳುತ್ತಾಳೆ, ಒಳಗೆ ಬೆಂದದ್ದನ್ನು ಹೊರಗೆ ಕೊಡುತ್ತಾಳೆ. ಹೊರಗೆ ನಿಂತು ಇಸಿದುಕೊಳ್ಳುವವನು ಸರ್ವರ್. ಆಗ ಒಬ್ಬೊಬ್ಬ ಸರ್ವರ್‌ನದು ಒಂದೊಂದು ರಿವಾಜು. ಒಬ್ಬನಿಗೆ ಪ್ರತಿ ಸಲ ಹೊಸ ಪತ್ರಾವಳಿ ಬೇಕು, ಉಂಡು ಎಸೆಯುತ್ತಾನೆ. ಇನ್ನೊಬ್ಬನಿಗೆ ಸ್ಟೀಲ್ ತಾಟು, ತೊಳೆದು ಮತ್ತೆ ಬಡಿಸಬೇಕು. ಗಿರಾಕಿಯ ಬಳಿ ಯಾವ ಸರ್ವರ್ ಇದೆಯೋ ಅದಕ್ಕೊಂದು ತೇಪೆ ಹಚ್ಚುತ್ತ ಹಚ್ಚುತ್ತ ನಮ್ಮ ಇಂಜಿನ್ ಕೌದಿ ಆಗಿತ್ತು.

ಒಂದು ಸಲ ಸ್ಟೀಲ್ ತಾಟಿನ ಸರ್ವರ್‌ಗೆ ಹೋದ ಹೊಸತರಲ್ಲಿ ಒಬ್ಬ ಸೈಜಿಂಗ್ ಮಾಲಕರು ಫೋನ್ ಮಾಡಿ ಬೆಂಕಿಯಾದರು. "ವಹಿನಿ, ನನ್ನ ಸ್ಕ್ರೀನ್ ಮ್ಯಾಲೆ ನಮ್ಮ ಕಾಕಾನ ಮಗನ ಹೆಸರ ಹ್ಯಾಂಗ ಬಂತ್ರಿ? ಕೋರ್ಟಿನ್ಯಾಗ ಮಾರಿ ನೋಡೂದ ಸಾಕಾಗೇತಿ, ಇಲ್ಲೂ ಅವನ ಏನ್?" ಹಿಂದಿನವನು ಉಂಡ ತಾಟು ತೊಳೆಯದೆ ಮುಂದಿನವನಿಗೆ ಇಟ್ಟಂತಾಗಿತ್ತು. ಒಂದು ಕೋರಿಕೆ ಮುಗಿದ ಕೂಡಲೆ ಅದರ ಹೆಸರು ಒರೆಸಬೇಕು ಅನ್ನುವ ಪಾಠ ಆ ಬೈಗುಳದಿಂದ ಕಲಿತೆ. ನೀವು ಪುಸ್ತಕದಿಂದ ಕಲಿಯಿರಿ, ಒಳ್ಳೆಯದು.

ಕಂಪನಿ ಹುಟ್ಟಿಸಿದವರು ಅಣ್ಣಾಸಾಹೇಬರು. ಹಳೆಯ ಕಾಲದ ಮನುಷ್ಯ. 'ಆಧೀ ಶ್ರೀ, ಮಗ ಬಾಕೀಚಂ' ಅನ್ನುತ್ತಿದ್ದರು, ಮೊದಲು ಶ್ರೀ, ಆಮೇಲೆ ಉಳಿದದ್ದು. ಲಗ್ನಪತ್ರಿಕೆಗೆ ಬರೆದ ಹಾಗೆ ಪ್ರತಿ ಪುಟದ ತಲೆಯ ಮೇಲೂ ಶ್ರೀ ಬರಲೇಬೇಕು. ಪುಟ ಪೂರ್ತಿ ಇಂಗ್ಲಿಷ್ ಅಕ್ಷರ, ನೆತ್ತಿಯ ಮೇಲೆ ಮಾತ್ರ ಮರಾಠಿಯ ಶ್ರೀ. ಅದನ್ನು ಇಂಜಿನ್ನಿನೊಳಗೇ ಕೂಡಿಸಿದ್ದರು, ಯಾರೂ ಮರೆಯಬಾರದೆಂದು. ನನಗೆ ಅದು ಭಾಳ ಸೇರುತ್ತಿತ್ತು. ಬೈದರೂ ಉಣ್ಣಿಸಿ ಕಳಿಸುವ ಸಾಹೇಬರು ಅವರು. ಕಣ್ಣಿಗೆ ಪೊರೆ ಬಂದ ಮೇಲೆ ಕುರ್ಚಿಗೆ ಮಗ ಸಂಗ್ರಾಮಸಾಹೇಬರು ಬಂದರು.

ಆ ಹೊತ್ತಿಗೆ ಪರ್ಲ್ ಮಂದಿ ಎಲ್ಲ ಸೇರಿ ಒಂದು ಸಮಾನ ರಿವಾಜು ಮಾಡಿಕೊಂಡಿದ್ದರು, ಪಿ.ಎಸ್.ಜಿ.ಐ. ಅಂತ. ಗ್ಯಾಸಿನ ರೆಗ್ಯುಲೇಟರ್ ಇದ್ದ ಹಾಗೆ. ಇಂಜಿನ್ ಅದಕ್ಕೆ ಹೊಂದಿದರೆ ಸಾಕು, ಯಾವ ಸರ್ವರ್‌ಗಾದರೂ ಕೂಡುತ್ತದೆ. ಸಂಗ್ರಾಮಸಾಹೇಬರು ಒಂದು ಮಂಗಳವಾರ ನನ್ನನ್ನು ಒಳಗೆ ಕರೆದರು. ಅವರ ಮಾತು ಮರಾಠಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. ಅವರ ಪಾಡವಾ ಅಂದರೆ ನಮ್ಮ ಯುಗಾದಿ.

"ವಹಿನಿ, ಪಾಡವ್ಯಾದ ಮುಹೂರ್ತಕ್ಕ ಇಂಜಿನ್ ಹೊಸಾ ರೀತಿಗೆ ತಂದ್ರ ಪ್ರೋಗ್ರಾಂ ಉಳೀತೈತಿ. ಇಲ್ಲಂದ್ರ ಇದನ್ನೆಲ್ಲಾ ಒಗದು ಹೊರಗಿಂದ ಬ್ಯಾರೆ ತಗೋತೇವಿ."

"ಅಂದ್ರ ನನ್ನ ಕೆಲಸಾ?"

"ಪ್ರೋಗ್ರಾಂ ಇರೂತನಕಾ ನಿಮ್ಮ ಕೆಲಸಾ ಐತಿ. ಮನ್ಯಾಗ ಕುಂತು ಮಾಡ್ರಿ, ಯಾರ್ ಬ್ಯಾಡಂತಾರ?"

"ಶಬ್ದಾ ಕೊಟ್ಟಂಗ ಅಲ್ರಿ?"

"ಶಬ್ದಾ."

ಅತ್ತೆಯನ್ನು ಬಿಟ್ಟು ದಿನವೂ ಹೊರಗೆ ಹೋಗಿ ದುಡಿಯುವುದು ನನ್ನಿಂದ ಆಗದ ಮಾತು. ಮನೆಯಿಂದ ಮಾಡುವ ಇನ್ನೊಂದು ನೌಕರಿ ಇಚಲಕರಂಜಿಯಲ್ಲಿ ನನಗೆ ಯಾರು ಇಟ್ಟಿದ್ದರು? ಆದ್ದರಿಂದ ಆ ಒಂದು ಶಬ್ದವನ್ನು, ಅವರು ಕೊಟ್ಟ ಮಾತನ್ನು, ಉಡಿಯಲ್ಲಿ ಕಟ್ಟಿಕೊಂಡು ಬಂದೆ.

ಕೌದಿಯ ಹೊಲಿಗೆ ಬಿಚ್ಚತೊಡಗಿದೆ. ಹಳೆಯ ಇಂಜಿನ್ ಬೋಗುಣಿ ಹಿಡಿದು ಪಂಕ್ತಿಯಲ್ಲಿ ಬಡಿಸುತ್ತ ಹೋಗುವವಳು. ಎಷ್ಟು ಅನ್ನ ಎಂದು ಮೊದಲೇ ಹೇಳುವ ಪ್ರಮೇಯ ಇರಲಿಲ್ಲ. ಹೊಸ ರಿವಾಜಿನಲ್ಲಿ ಮೂರು ಅಂತಸ್ತಿನ ಟಿಫಿನ್ ಡಬ್ಬಿ ಕಟ್ಟಿ ಕೈಗೆ ಕೊಡಬೇಕು. ಮೇಲಿನದರಲ್ಲಿ ಕೆಲಸ ಆಯಿತೋ ಇಲ್ಲವೋ ಅನ್ನುವ ಒಂದು ಸಂಖ್ಯೆ. ನಡುವಿನದರಲ್ಲಿ ಚೀಟಿ, ಒಳಗೇನಿದೆ ಎಂದು ಹೇಳುವುದು. ಕೆಳಗಿನದರಲ್ಲಿ ಪುಟ. ಪುಟ ಬೇಗ ಮುಟ್ಟಬೇಕಾದರೆ ಅದರ ಉದ್ದವನ್ನೂ ಚೀಟಿಯಲ್ಲಿ ಬರೆದುಬಿಡಿ ಅಂದರು ಸಂಗ್ರಾಮಸಾಹೇಬರು. ಒಳ್ಳೆಯ ಸಲಹೆಯೇ. ಉದ್ದ ಅಳೆಯುವ ಸಾಲನ್ನು ಅವರು ಹೇಳಿದರು, ನಾನು ಬರೆದೆ, ಇಬ್ಬರೂ ಓದಿ ನೋಡಿದೆವು.

ಅದೇ ಮುಹೂರ್ತಕ್ಕೆ ಇನ್ನೊಂದು ಹೊಸ ಮಾತು ಸೇರಿತು. ಮಾಗದವರ ಹೆಸರು ಇನ್ನು ಮೇಲೆ ಮರಾಠಿ ಅಕ್ಷರದಲ್ಲಿ ಬರಲಿ ಎಂದು ಗಿರಾಕಿಗಳು ಕೇಳಿದ್ದರು.

"ಸಾಹೇಬ್ರ, ನಾವ್ ಬರೇ ಇಂಗ್ಲಿಷ್ ಹೆಸರ ಹಾಕಿ ನೋಡೇವಿ. ಮರಾಠಿ ಹೆಸರ ಹಾಕಿ ಒಂದ್ ವಾರ ನೋಡೂಣು," ಅಂದೆ.

"ಮ್ಯಾಲಿನ ಶ್ರೀ ಏನ್ ಇಂಗ್ಲಿಷ್ ಐತೇನ್ರಿ? ಅದು ಛಂದ ಕಾಣ್ತೈತಲ್ಲ. ಉಳಿದಿದ್ದೂ ಕಾಣತೈತಿ. ಪಾಡವಾ ನನಗ ಕಾಯೂದಿಲ್ಲ ವಹಿನಿ."

ಶ್ರೀ ಛಂದವಾಗಿಯೇ ಕಾಣುತ್ತಿತ್ತು. ಪರೀಕ್ಷೆ ಅಲ್ಲಿಗೇ ಬಿಟ್ಟೆ.

ಪಾಡವ್ಯದ ದಿನ ಆಫೀಸಿನಲ್ಲಿ ಪೂಜೆ. ಇಂಜಿನ್ ಬದಲಾಯಿಸುವವಳೂ ನಾನೇ, ತೆಂಗಿನಕಾಯಿ ತರುವವಳೂ ನಾನೇ. ಕರೆಂಟು ಹೋಗಲಿಲ್ಲ, ಕಾಯಿ ಕೆಟ್ಟಿರಲಿಲ್ಲ, ಪುಟ ಪಟ್ಟನೆ ಬಂತು. ಎಲ್ಲರೂ ಪೇಡೆ ತಿಂದರು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮನೆಗೆ ಬರುವತನಕ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತ ಬಂದೆ. ನನ್ನ ಕೆಲಸ ಉಳಿಯಿತು ಅಂದುಕೊಂಡೆ.

ಕೆಲವು ದಿನ ಕಳೆದ ಮೇಲೆ ನಮ್ಮನೆಯವರು ಊಟಕ್ಕೆ ಬಂದು ಕೈ ತೊಳೆಯುತ್ತ ಅಂದರು, "ಹೌಸಕ್ಕನ ನಾಕೂ ಮಾಗ ನಿಂತಾವ."

ಹೌಸಾಬಾಯಿ, ನಮ್ಮ ಬಾಯಲ್ಲಿ ಹೌಸಕ್ಕ, ವಿಜಾಪುರದ ಕಡೆಯಿಂದ ಬಂದು ನಾಲ್ಕು ಮಾಗ ಹಾಕಿಕೊಂಡ ಹೆಂಗಸು. ಇವರೇ ಆಕೆಯ ಜಾಬರ್.

"ಏನ್ ಮುರದೈತಿ?" ಅಂದೆ.

"ಮುರದಿದ್ರ ನಾ ಮಾಡ್ತಿದ್ದೆ. ಬೀಮ ಇಲ್ಲ. ಸೈಜಿಂಗಿನ್ಯಾಗ ಕೇಳಿದ್ರ, ಕಂಪ್ಯೂಟರಿನ್ಯಾಗ ನಿನ್ನ ಹೆಸರ ಇಲ್ಲ ಅಂದ್ರಂತ. ಅದು ನಿನ್ನ ಕಂಪ್ಯೂಟರ ಅಲ್ಲೇನ?"

ರೊಟ್ಟಿ ಹಂಚಿನ ಮೇಲೆ ಹೊತ್ತಿತು. ಅತ್ತೆಯ ಹತ್ತಿರ ಪಕ್ಕದ ಮನೆಯವರನ್ನು ಕೂಡಿಸಿ ಸೈಜಿಂಗಿಗೆ ಓಡಿದೆ. ಹೌಸಕ್ಕ ಅಲ್ಲೇ ಮ್ಯಾನೇಜರರ ಎದುರು ನಿಂತಿದ್ದಳು. ಹಿಂದೆ ಗೋಡೆಗೆ ಆಕೆಯ ಬೀಮಗಳು, ಮೇಲೆ ಸೀಮೆಸುಣ್ಣದಲ್ಲಿ ಆಕೆಯ ಹೆಸರು.

"ಬೀಮ ಐತಿ ಬಾಯಿ, ನಾ ಇಲ್ಲ ಅಂದಿಲ್ಲ. ಪಾನಿನ್ಯಾಗ ಹೆಸರಿಲ್ಲ. ಹೆಸರಿಲ್ದ ಟೆಂಪೊದಾಗ ಹ್ಯಾಂಗ ಏರಸ್ಲಿ?" ಅನ್ನುತ್ತಿದ್ದರು ಮ್ಯಾನೇಜರು. ಪಾನ ಅಂದರೆ ಮರಾಠಿಯಲ್ಲಿ ಪುಟ.

"ಬೀಮಿನ ಮ್ಯಾಲೆ ನನ್ನ ಹೆಸರ ಐತಿ. ಬೀಮಿನ ಮುಂದ ನಾನೂ ನಿಂತೇನಿ. ಇನ್ನ ಏನ್ ಬೇಕ ನಿಮಗ, ನನ್ನ ತಿಥಿ?"

ನಾನು ಸ್ಕ್ರೀನ್ ನೋಡಿದೆ. ತಲೆಯ ಮೇಲೆ ಶ್ರೀ ಹೊಳೆಯುತ್ತಿತ್ತು. ಕೆಳಗೆ ಹೋದರೆ ಪುಟಕ್ಕೆ ಬುಡವೇ ಇಲ್ಲ. ಕೊನೆಗೆ ಕಂಡ ಹೆಸರು ಅರ್ಧಕ್ಕೆ ಕಡಿದಿತ್ತು, ಅದರ ಕೆಳಗೆ ಖಾಲಿ.

ಆದದ್ದು ಇಷ್ಟು. ಕಂಪ್ಯೂಟರಿನೊಳಗೆ ಇಂಗ್ಲಿಷ್ ಅಕ್ಷರ ಒಂದು ಮನೆಯಲ್ಲಿ ಕೂಡುತ್ತದೆ, ಮರಾಠಿಯ ಒಂದೊಂದು ಅಕ್ಷರಕ್ಕೆ ಮೂರು ಮನೆ ಬೇಕು. ಆ ಮನೆಗೆ ಬೈಟ್ ಅನ್ನುತ್ತಾರೆ. ನಮ್ಮ ಸಾಲು ಅಕ್ಷರ ಎಣಿಸಿ ಚೀಟಿ ಬರೆಯುತ್ತಿತ್ತು, ಹೊರಗಿನ ಸರ್ವರ್ ಬೈಟ್ ಎಣಿಸಿ ಇಸಿದುಕೊಳ್ಳುತ್ತಿದ್ದ. ಚೀಟಿಯ ಲೆಕ್ಕ ಮುಗಿದ ಕೂಡಲೆ ಉಳಿದದ್ದನ್ನು ಬಿಟ್ಟುಬಿಡುತ್ತಿದ್ದ. ನಾವು ಪರೀಕ್ಷೆ ಮಾಡುವಾಗ ಮರಾಠಿ ಅಂದರೆ ಬರೀ ಶ್ರೀ, ಕಡಿಮೆ ಬಿದ್ದದ್ದು ಸ್ವಲ್ಪ. ಪುಟದ ಕೊನೆಯ ಮುಚ್ಚುವ ಗುರುತು ಮಾತ್ರ ಹೋಗುತ್ತಿತ್ತು, ಅದು ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಹೆಸರುಗಳೆಲ್ಲ ಮರಾಠಿಯಾದ ಕೂಡಲೆ ಕೊರತೆ ಬೆಳೆದು ಕೊನೆಯ ಸಾಲುಗಳನ್ನೇ ನುಂಗಿತು. ಇಂಗ್ಲಿಷ್ ಅಕ್ಷರದ ಸರದಿಯಲ್ಲಿ ಹೌಸಕ್ಕ ನಡುವೆ ಎಲ್ಲೋ ಇದ್ದಳು. ಮರಾಠಿಯ ಸರದಿಯಲ್ಲಿ 'ಹ' ಬರುವುದೇ ತುದಿಗೆ, ಆಕೆ ಎಲ್ಲರಿಗಿಂತ ಕೊನೆಗೆ.

ಆ ಸಾಲು ತಿದ್ದಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಮರುದಿನ ಕೊಲ್ಹಾಪುರದಲ್ಲಿ ಮೀಟಿಂಗು. ಅಣ್ಣಾಸಾಹೇಬರನ್ನೂ ಮನೆಯಿಂದ ಕರೆತಂದು ಕೂಡಿಸಿದ್ದರು.

"ಗಿರಾಕಿಗೆ ಏನ್ ಹೇಳೂದು?" ಅಂದರು ಸಂಗ್ರಾಮಸಾಹೇಬರು.

"ಉದ್ದಾ ಅಳಿಯೂದ್ರಾಗ ನಮ್ಮಿಂದ ತಪ್ಪಾತು, ತಿದ್ದೇವಿ ಅನ್ರಿ."

"ಏ, ಅಷ್ಟ ಸಾದಾ ಹೇಳಿದ್ರ ನಮ್ಮ ಮಾರಿ ಏನ್ ಉಳೀತೈತಿ? ಶ್ರೀಯಿಂದ ಆತು ಅಂತೇನಿ. ಇಂಜಿನ್ನಿನ್ಯಾಗ ದೇವರ ಹೆಸರ ಹಾಕೂದು ಹಳೇ ಮಂದೀದು, ವಹಿನೀದು ಹಟ. ಅದರ ಸಲುವಾಗಿ ಪಾನ ಕೆಟ್ಟಿತು, ತಗದೇವಿ ಅಂದ್ರ ಮುಗೀತು."

"ಸಾಹೇಬ್ರ, ಶ್ರೀ ಒಂದ ಇದ್ದಾಗ ಯಾರ ಬೀಮಾನೂ ನಿಂತಿಲ್ಲ. ಕೊರತಿ ಐತಿ ಅಂತ ಅದು ಮೊದಲಿಂದಾನೂ ಹೇಳಾಕತ್ತಿತ್ತು. ನಮಗ ಕೇಳಸಲಿಲ್ಲ."

ನಾನು ಅಣ್ಣಾಸಾಹೇಬರ ಕಡೆ ನೋಡಿದೆ. ಒಂದು ಮಾತು ಆಡಿಯಾರು ಅಂತ. ಆ ಶ್ರೀ ಅವರದು, ನಾನು ಕಂಪನಿಗೆ ಬರುವ ಮೊದಲಿನದು. ಅವರು ಬಶಿಯಲ್ಲಿ ಚಹಾದ ಕಪ್ಪು ತಿರುಗಿಸುತ್ತ ಕೂತರು. ಆಮೇಲೆ ತಲೆ ಎತ್ತದೆ, "ತಗದಬಿಡ್ರಿ ವಹಿನಿ," ಅಂದರು.

ಮಗನ ಮೇಲೆ ನನಗೆ ಸಿಟ್ಟು ಬಂದದ್ದು ಆ ವಾರಕ್ಕೆ ಆರಿತು. ಆ ಕಪ್ಪಿನ ಸಪ್ಪಳ ಇನ್ನೂ ಕಿವಿಯಲ್ಲಿದೆ. ಹೊಸದಾಗಿ ಬರುವವರೇ, ಬೈಯುವ ಸಾಹೇಬರಿಗೆ ಹೆದರಬೇಡಿ. ಎಲ್ಲ ಗೊತ್ತಿದ್ದು ಚಹಾ ಕುಡಿಯುತ್ತ ಕೂಡುವ ಒಳ್ಳೆಯ ಮನುಷ್ಯರಿಗೆ ಹೆದರಿ.

ಸ್ಕ್ರೀನಿನಿಂದ ಶ್ರೀ ತೆಗೆದೆ. ಹೌಸಕ್ಕನ ಹತ್ತಿರ ಆಫೀಸಿನಿಂದ ಯಾರೂ ಹೋಗಲಿಲ್ಲ. ನಾನು ಹೋದೆ. ಬೀಮ ಬರುವುದರೊಳಗೆ ಆಕೆಗೆ ಕೆಲಸ ಕೊಡುತ್ತಿದ್ದ ವ್ಯಾಪಾರಿ ಬೇರೆಯವರಿಗೆ ಕೊಟ್ಟುಬಿಟ್ಟಿದ್ದ.

"ದೇವರ ನೋಡ್ಕೋತಾನ ಅನ್ನಾಕ ಬಂದಿದ್ರ ಹಂಗ ಹೋಗು," ಅಂದಳು ಹೌಸಕ್ಕ. "ನನ್ನ ಹೆಸರ ಎಲ್ಲಿಗೆ ಹೋಗಿತ್ತು, ಅದನ್ನ ಹೇಳು."

"ಎಲ್ಲೂ ಹೋಗಿರಲಿಲ್ಲ ಅಕ್ಕಾ. ಒಳಗ ಇತ್ತು. ಹೊರಗ ಬರೂದ್ರಾಗ ಕಡೀತು."

"ಅಂದ್ರ ಪಂಕ್ತಿಗೆಲ್ಲಾ ಬಡಿಸಿ, ನನ್ನ ಎಲೀ ಮುಂದ ಬಂದಾಗ ಬುಟ್ಟಿ ಎತ್ತಿಬಿಟ್ರಿ ಅನ್ನು."

ನಮ್ಮ ಮಠದ ದಾಸೋಹದಲ್ಲಿ ಕೊನೆಯ ಎಲೆಗೆ ಬಡಿಸಿ ಆಗುವತನಕ ಯಾರೂ ತುತ್ತು ಎತ್ತುವುದಿಲ್ಲ. ಬಡಿಸುವವರು ಪಂಕ್ತಿಯ ತುದಿಗೆ ಮುಟ್ಟಿ 'ಹರಹರ ಮಹಾದೇವ' ಅಂದ ಮೇಲೇ ಊಟ. ಚಿಕ್ಕಂದಿನಿಂದ ಅಲ್ಲಿ ಬಡಿಸುತ್ತ ಬಂದವಳು ನಾನು. ಬಡಿಸುವ ಇಂಜಿನ್ ಬರೆದವಳೂ ನಾನು.

ಆ ಮಳೆಗಾಲ ಹೌಸಕ್ಕ ಎರಡು ಮಾಗ ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿದಳು. ಕಬ್ಬಿಣದ ತೂಕಕ್ಕೆ ಹೋದವು. ಅವನ್ನು ಬಿಚ್ಚಿಕೊಟ್ಟವರು ನಮ್ಮನೆಯವರೇ. ಅಂದು ಅವರು ಊಟ ಮಾಡಲಿಲ್ಲ.

ನಾನು ಒಂದು ಕೆಲಸ ಮಾಡಿದೆ. ಪ್ರೋಗ್ರಾಂ ಬರೆಯುವವರು ತಮ್ಮ ನೆನಪಿಗೆ ಅಂತ ನಡುನಡುವೆ ಟಿಪ್ಪಣಿ ಬರೆದಿಡುತ್ತಾರೆ, ಅದು ಸ್ಕ್ರೀನಿಗೆ ಬರುವುದಿಲ್ಲ. ಇಂಜಿನ್ನಿನ ಮೊದಲ ಸಾಲಿಗೆ ಶ್ರೀ ಅಂತ ಟಿಪ್ಪಣಿ ಬರೆದೆ. ಉದ್ದ ಅಳೆಯುವ ಸಾಲಿನ ಮೇಲೆ ಇನ್ನೊಂದು ಬರೆದೆ, ಮರಾಠಿಯಲ್ಲಿ: ಅಕ್ಷರ ಎಣಿಸಬೇಡಿ, ಬೈಟ್ ಎಣಿಸಿ, ಇಲ್ಲದಿದ್ದರೆ ಹೌಸಕ್ಕನ ಎಲೆ ಬರಿದೇ ಉಳಿಯುತ್ತದೆ.

ಆಮೇಲೆ ಇಂಜಿನ್ ಭಾಳ ಛಂದ ನಡೆಯಿತು. ಎಷ್ಟು ಛಂದ ಅಂದರೆ ನನ್ನ ಅಗತ್ಯವೇ ಉಳಿಯಲಿಲ್ಲ. ಮೊದಲು ಆ ಕೌದಿಯ ಯಾವ ತೇಪೆ ಎಲ್ಲಿದೆ ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಈಗ ಎಲ್ಲರಿಗೂ ಗೊತ್ತಿರುವ ರಿವಾಜು, ಯಾರ ಕೈಗಾದರೂ ಕೊಡಬಹುದು. ಪುಣೆಯ ಒಂದು ಕಂಪನಿಗೆ ಕೊಟ್ಟರು.

"ಶಬ್ದಾ ಕೊಟ್ಟಿದ್ರಿ ಸಾಹೇಬ್ರ," ಅಂದೆ.

"ಪ್ರೋಗ್ರಾಂ ಇರೂತನಕಾ ಕೆಲಸಾ ಇರತೈತಿ ಅಂದಿದ್ದೆ. ಐತಲ್ರಿ ಕೆಲಸಾ. ಪುಣೆದಾಗ ಐತಿ. ನೀವೂ ಭಾಳ ದಣದೀರಿ, ಮನಿ ನೋಡ್ಕೋರಿ."

ಕಳಿಸುವ ದಿನ ಸಂಗ್ರಾಮಸಾಹೇಬರ ಹೆಂಡತಿ ಬಂದು ಕುಂಕುಮ ಹಚ್ಚಿ, ಸೀರೆ ಕೊಟ್ಟು, ಅಕ್ಕಿ ಕಾಯಿ ಹಾಕಿ ಉಡಿ ತುಂಬಿದರು. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುವುದು ಗೊತ್ತಿತ್ತು. ನೌಕರಿಯಿಂದ ತೆಗೆಯುವಾಗ ತುಂಬಿದ್ದು ಅಲ್ಲೇ ನೋಡಿದೆ. ಕಣ್ಣೀರು ಬರಲಿಲ್ಲ. ಅಕ್ಕಿ ಚೆಲ್ಲಬಾರದೆಂದು ಸೆರಗು ಗಟ್ಟಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

"ನಾನೂ ಹೊಸಾ ಮಾಗ ಜೋಡಿಸಿ ಕೊಟ್ಟೆ, ಅವಕ್ಕ ಜಾಬರ್ ಬ್ಯಾಡಾದ," ಅಂದರು ನಮ್ಮನೆಯವರು. ಅದು ಅವರ ಸಮಾಧಾನದ ಮಾತು. ಇಪ್ಪತ್ತು ಮಾತಿಗೆ ಸಮ ಅಂತ ತೆಗೆದುಕೊಂಡೆ. ಅತ್ತೆಯ ಕೊನೆಯ ತಿಂಗಳುಗಳಲ್ಲಿ ಪ್ರತಿ ತುತ್ತನ್ನೂ ಕೈಯಾರೆ ತಿನ್ನಿಸಲು ಸಾಧ್ಯವಾಯಿತು. "ಈಗ ಪೆಟಗಿ ಸತ್ತಿತೇನ?" ಅಂತ ಕೇಳಿ ಅದಕ್ಕೂ ನಕ್ಕರು ಪುಣ್ಯಾತ್ಮರು. ಕೃಪೆಗಳನ್ನು ಎಣಿಸುವ ಚಟ ನನಗೆ ಹೋಗಿಲ್ಲ. ಆದರೆ ಎಣಿಕೆ ಎಲ್ಲಿ ತಪ್ಪುತ್ತದೆ ಅನ್ನುವುದೂ ಈಗ ಗೊತ್ತು.

ಅತ್ತೆ ಹೋದ ಮೇಲೆ ಗಡಹಿಂಗ್ಲಜಕ್ಕೆ ಬಂದು ಇದ್ದೇವೆ. ಮೊನ್ನೆ ಮಠದ ದಾಸೋಹಕ್ಕೆ ಅಕ್ಕಿ ಆರಿಸುತ್ತ ಕೂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಪುಣೆಯ ಆ ಕಂಪನಿಯ ಹುಡುಗಿ.

"ಮಾವಶಿ, ನಾ ಜಯಸಿಂಗಪುರದಾಕಿ ರೀ, ಕನ್ನಡ ಬರತೈತಿ. ನಿಮ್ಮ ಇಂಜಿನ್ ಈಗ ನನ್ನ ಕಡೆ ಐತ್ರಿ. ಮನ್ಯಾಗ ಕುಂತ ಮಾಡಾಕತ್ತೇನಿ, ಕೂಸು ಸಣ್ಣದೈತಿ. ಹಳೇ ಟಿಪ್ಪಣಿ ಎಲ್ಲಾ ತಗದು ಸ್ವಚ್ಛ ಮಾಡಂದಾರ್ರಿ. ಮ್ಯಾಲೆ ಶ್ರೀ ಐತಿ. ದೇವರ ಹೆಸರ ಅಳಸಾಕ ಮನಸ್ಸಾಗವಲ್ದು. ನಿಮ್ಮನ್ನ ಒಂದ್ ಮಾತ ಕೇಳೂಣು ಅಂತ..."

"ತಗಿಯವಾ, ಏನಾಗೂದಿಲ್ಲ. ದೇವರಿಗೆ ಎಲ್ಲೆರೆ ಜಾಗಾ ಸಿಗತೈತಿ. ಕೆಳಗ ಇನ್ನೊಂದೈತಲ್ಲ, ಅದನ್ನ ಮಾತ್ರ ಬಿಡು."

"ಆ ಸಾಲು ಈಗ ಸರಿ ಐತಲ್ರಿ?"

"ಸರಿ ಐತಿ. ಆದ್ರೂ ಬಿಡು. ನಾಳಿ ಯಾರರೆ ಬಂದು ಮತ್ತ ಅಕ್ಷರ ಎಣಿಸ್ಯಾರು."

ಆಕೆ ಅದನ್ನು ಬಾಯಲ್ಲಿ ಓದಿಕೊಂಡದ್ದು ಕೇಳಿಸಿತು. ಹಿಂದೆ ಕೂಸು ಅಳುತ್ತಿತ್ತು.

"ಮಾವಶಿ, ಹೌಸಕ್ಕ ಅಂದ್ರ ನೀವ ಏನ್ರಿ?"

ಮೊರದೊಳಗಿನ ಒಂದು ಹರಳು ಆರಿಸಿ ಆಚೆ ಹಾಕಿದೆ.

"ಅಲ್ಲವಾ," ಅಂದೆ. "ನಂದು ಆಕೀ ಬಾಜೂದ ಎಲಿ."